ದುಡಿವ ಮೈಗೆ ಯೋಗ ಎಂತಕ್ಕೆ?

ಯೋಗದ ವಿಷಯ ಎತ್ತಿದ ಕೂಡಲೇ ಕೃಷಿಕರ ಬಾಯಿಂದ ಬರುವ ಮೊದಲ ಮಾತು ಹೆಚ್ಚುಕಡಿಮೆ ಒಂದೇ. "ನಮಗೆಂತಕ್ಕೆ ಮಾರಾಯ್ರೆ ಅದೆಲ್ಲ? ಬೆಳಗ್ಗಿಂದ ಕತ್ತಲೆವರೆಗೆ ತೋಟದಲ್ಲಿ ಮೈಮುರಿಯುವುದು ಸಾಲದಾ? ಅದು ಬೇಕಾದ್ದು ಕುರ್ಚಿಯಲ್ಲಿ ಕೂತು ಸಂಬಳ ಎಣಿಸುವ ಪೇಟೆಯವರಿಗೆ."

ಈ ಮಾತಿನಲ್ಲಿ ಅರ್ಧ ಸತ್ಯ ಉಂಟು. ದಿನಕ್ಕೆ ನಾಲ್ಕು ಸಲ ಗುಡ್ಡದ ತೋಟ ಹತ್ತಿಳಿಯುವವನಿಗೆ ನಡೆಯುವ ವ್ಯಾಯಾಮ ಬೇರೆ ಬೇಡ. ಏದುಸಿರು ಬಿಡದೆ ಬಾಳೆಗೊನೆ ಹೊತ್ತು ತರುವವನ ಹೃದಯ ಸಾಕಷ್ಟು ಕೆಲಸ ಮಾಡಿರುತ್ತದೆ. ಆದರೆ ಇನ್ನರ್ಧ? ನಮ್ಮ ಯಾವುದಾದರೂ ಸಭೆಗೆ ಹೋಗಿ ನೋಡಿ. ಊಟಕ್ಕೆ ನೆಲದಲ್ಲಿ ಎಲೆ ಹಾಕಿದರೆ ಐವತ್ತು ದಾಟಿದ ಎಷ್ಟು ಮಂದಿ ಕೂರುತ್ತಾರೆ? ಕೂತವರಲ್ಲಿ ಎಷ್ಟು ಮಂದಿ ಕೈ ಊರದೆ ಏಳುತ್ತಾರೆ? ಸೊಂಟಕ್ಕೆ ಬೆಲ್ಟು ಕಟ್ಟಿಕೊಂಡವರು, ಮೊಣಗಂಟಿಗೆ ಎಣ್ಣೆ ತಿಕ್ಕುವವರು, ಕುತ್ತಿಗೆ ಹಿಡಿದು ಇಡೀ ಮೈ ತಿರುಗಿಸಿ ಹಿಂದೆ ನೋಡುವವರು. ಇವರೆಲ್ಲ ದುಡಿಯದೆ ಕೂತವರಲ್ಲ, ದುಡಿದೇ ಹೀಗಾದವರು.

ನಾನು ವೈದ್ಯನೂ ಅಲ್ಲ, ಯೋಗ ಶಿಕ್ಷಕನೂ ಅಲ್ಲ. ನಾಲ್ಕು ಎಕ್ರೆ ಅಡಿಕೆ ತೋಟ, ಎರಡು ದನ, ಐವತ್ತೆಂಟು ವರ್ಷದ ಒಂದು ಶರೀರ, ಇಷ್ಟು ನನ್ನ ಬಂಡವಾಳ. ನಮ್ಮೂರ ಶಾಲೆಯಲ್ಲಿ ನಡೆದ ಒಂದು ಶಿಬಿರದಲ್ಲಿ ಕಲಿತದ್ದನ್ನು ಒಂಬತ್ತು ವರ್ಷದಿಂದ ಬಿಡದೆ ಮಾಡುತ್ತಾ ಬಂದಿದ್ದೇನೆ. ಮಾಡುತ್ತಾ ತಿಳಿದುಕೊಂಡದ್ದನ್ನು, ತೋಟದ ಕೆಲಸಕ್ಕೆ ಹೊಂದಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ.

ಕೆಲಸ ಬೇರೆ, ವ್ಯಾಯಾಮ ಬೇರೆ

ಕೆಲಸದಲ್ಲಿ ಶರೀರ ಹೇಗೆ ಚಲಿಸಬೇಕೆಂದು ತೀರ್ಮಾನಿಸುವುದು ನಾವಲ್ಲ, ಆ ಕೆಲಸ. ಬಿದ್ದ ಅಡಿಕೆ ನೆಲದಲ್ಲಿ ಇರುತ್ತದೆ, ಹಾಗಾಗಿ ಬಗ್ಗಬೇಕು. ಹುಲ್ಲು ಹೆರೆಯಲು ಬಗ್ಗಬೇಕು, ಬುಡಕ್ಕೆ ಗೊಬ್ಬರ ಹಾಕಲು ಬಗ್ಗಬೇಕು, ಕಣಿ ಬಿಡಿಸಲು ಬಗ್ಗಬೇಕು, ಕೊಟ್ಟಿಗೆ ಗುಡಿಸಲೂ ಬಗ್ಗಬೇಕು. ದಿನಕ್ಕೆ ಐನೂರು ಸಲ ಮುಂದಕ್ಕೆ ಬಗ್ಗುವ ಬೆನ್ನು ಒಂದು ಸಲವಾದರೂ ಹಿಂದಕ್ಕೆ ಬಾಗುತ್ತದಾ? ಇಲ್ಲ. ಹಿಂದಕ್ಕೆ ಬಾಗಬೇಕಾದ ಕೃಷಿ ಕೆಲಸವೇ ನಮ್ಮಲ್ಲಿ ಇಲ್ಲ.

ಬೆನ್ನುಮೂಳೆ ಎಂದರೆ ಒಂದರ ಮೇಲೊಂದು ಪೇರಿಸಿಟ್ಟ ಎಲುಬಿನ ತುಂಡುಗಳು. ಎರಡು ತುಂಡುಗಳ ನಡುವೆ ಮೆತ್ತೆಯಂಥ ಒಂದೊಂದು ಬಿಲ್ಲೆ. ಮುಂದಕ್ಕೆ ಬಗ್ಗಿದಾಗ ಬಿಲ್ಲೆಯ ಮುಂಬದಿ ಒತ್ತಿಹೋಗುತ್ತದೆ, ಹಿಂಬದಿ ಎಳೆಯಲ್ಪಡುತ್ತದೆ. ಬಗ್ಗಿಕೊಂಡೇ ಭಾರ ಎತ್ತಿದರೆ ಈ ಒತ್ತಡ ಹಲವು ಪಾಲು ಏರುತ್ತದೆ. ಆಗೊಮ್ಮೆ ಈಗೊಮ್ಮೆ ಆದರೆ ಶರೀರ ಸುಧಾರಿಸಿಕೊಳ್ಳುತ್ತದೆ. ದಿನವೂ, ವರ್ಷಾನುಗಟ್ಟಲೆ, ಒಂದೇ ಬದಿಗೆ ಆದರೆ ಬೆನ್ನಿನ ಸ್ನಾಯುಗಳು ಜಗ್ಗಿ ಸೋಲುತ್ತವೆ. ತೊಡೆಯ ಬುಡದ, ಹೊಟ್ಟೆಯ ಮುಂಬದಿಯ ಸ್ನಾಯುಗಳು ಗಿಡ್ಡವಾಗಿ ಬಿಗಿಯುತ್ತವೆ. ಕೊನೆಗೆ ನೆಟ್ಟಗೆ ನಿಲ್ಲುವುದೇ ಕಷ್ಟ. ಒಂದೇ ಕಡೆಗೆ ತೂಗಿದ ಬೇಲಿ ಕಂಬವನ್ನು ಎದುರು ಬದಿಗೆ ಎಳೆದು ಕಟ್ಟುವುದಿಲ್ಲವಾ? ಹಾಗೆ ಕೆಲಸ ಮೈಯನ್ನು ಯಾವ ಕಡೆ ಎಳೆದಿದೆಯೋ ಅದಕ್ಕೆ ಎದುರು ಕಡೆ ದಿನಕ್ಕಿಷ್ಟು ಹೊತ್ತು ಎಳೆದು ಬಿಡುವುದು. ಕೃಷಿಕನಿಗೆ ಯೋಗಾಸನ ಬೇಕಾದದ್ದು ಮುಖ್ಯವಾಗಿ ಇದಕ್ಕೆ.

ಯಾವ ಕೆಲಸ ಎಲ್ಲಿ ಹಿಡಿಯುತ್ತದೆ?

ನಮ್ಮ ನಮ್ಮ ಕೆಲಸವನ್ನು ಒಮ್ಮೆ ಪಟ್ಟಿ ಮಾಡಿ ನೋಡುವುದು ಒಳ್ಳೆಯದು.

ಹೆಕ್ಕುವುದು, ಹೆರೆಯುವುದು, ಅಗೆಯುವುದು: ಸೊಂಟ ಮತ್ತು ತೊಡೆಯ ಹಿಂಬದಿ.

ಮಣೆಯ ಮೇಲೆ ಕೂತು ಅಡಿಕೆ ಸುಲಿಯುವುದು, ಹಾಲು ಕರೆಯುವುದು: ಮೊಣಗಂಟು, ತೊಡೆಯ ಬುಡ, ಭುಜ. ಕುಕ್ಕರಗಾಲಲ್ಲಿ ಕೂರುವುದು ಕೆಟ್ಟದ್ದಲ್ಲ, ನಮ್ಮ ಹಿರಿಯರು ಹಾಗೇ ಕೂರುತ್ತಿದ್ದರು. ಆದರೆ ಗಂಟೆಗಟ್ಟಲೆ ಅಲುಗಾಡದೆ ಅದೇ ಭಂಗಿಯಲ್ಲಿರುವುದು ಬೇರೆ ಸಂಗತಿ.

ದೋಟಿಯಲ್ಲಿ ಕೊಯ್ಯುವುದು, ಮದ್ದು ಬಿಡುವುದು: ಇದು ಹೊಸ ಸೇರ್ಪಡೆ. ಕಾರ್ಬನ್ ಫೈಬರ್ ದೋಟಿ ಬಂದ ಮೇಲೆ ಮರ ಹತ್ತುವವರಿಗೆ ಕಾಯುವ ಸಂಕಟ ಕಡಿಮೆಯಾಯಿತು, ಬಿದ್ದು ಜೀವ ಕಳೆದುಕೊಳ್ಳುವ ಭಯವೂ ತಪ್ಪಿತು. ಆ ಉಪಕಾರ ಸಣ್ಣದಲ್ಲ. ಆದರೆ ಕುತ್ತಿಗೆಯ ಲೆಕ್ಕ ಒಮ್ಮೆ ಹಾಕಿ. 9 ಅಡಿ ಅಂತರದಲ್ಲಿ ನೆಟ್ಟರೆ ಎಕ್ರೆಗೆ ಐನೂರಕ್ಕೂ ಮೇಲೆ ಮರ. ಮರವೊಂದಕ್ಕೆ ಅರ್ಧ ನಿಮಿಷ ಮೇಲೆ ನೋಡಿದರೂ ಒಂದು ಎಕ್ರೆ ಮುಗಿಯುವಾಗ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ತಲೆ ಹಿಂದಕ್ಕೆ ವಾಲಿರುತ್ತದೆ. ಕೈಗಳು ಉದ್ದದ ದೋಟಿಯ ಭಾರ ಹಿಡಿದು ಮೇಲೆಯೇ ಇರುತ್ತವೆ. ಬೋರ್ಡೋ ಒಂದು ಸಲಕ್ಕೆ ಮುಗಿಯುವುದೂ ಇಲ್ಲ, 40-45 ದಿನಕ್ಕೆ ಇನ್ನೊಂದು ಸಲ ಬಿಡಬೇಕು. ಕುತ್ತಿಗೆ ಹಿಡಿಯದೆ ಇದ್ದರೆ ಆಶ್ಚರ್ಯ.

ಕಳೆಕೊಚ್ಚು ಯಂತ್ರ: ಭಾರವೆಲ್ಲ ಒಂದು ಬದಿಗೆ, ಮೈ ತಿರುಗುವುದೂ ಒಂದೇ ರೀತಿ. ಜೊತೆಗೆ ಅಂಗೈಗೆ, ಮುಂಗೈಗೆ ಯಂತ್ರದ ನಡುಕ.

ತಲೆಹೊರೆ, ಹೆಗಲ ಹೊರೆ: ಕುತ್ತಿಗೆ, ಬೆನ್ನು, ಮೊಣಗಂಟು ಮೂರೂ.

ನಿಮ್ಮದು ರಬ್ಬರ್ ಆದರೆ, ಗದ್ದೆ ಆದರೆ, ಮಲ್ಲಿಗೆ ಆದರೆ ಪಟ್ಟಿ ಬೇರೆ. ಆದರೆ ಪಟ್ಟಿ ಇದ್ದೇ ಇರುತ್ತದೆ.

ದೂರದ ವಿದ್ಯೆ ಅಲ್ಲ

ಟಿವಿಯಲ್ಲಿ ಮೈಯನ್ನು ಹಗ್ಗದ ಹಾಗೆ ಗಂಟು ಹಾಕುವವರನ್ನು ನೋಡಿ "ಇದು ನಮ್ಮಿಂದಾಗುವ ಹೋಗುವ ಕೆಲಸ ಅಲ್ಲ" ಎಂದು ಬಿಟ್ಟವರು ಬಹಳ. ಆದರೆ ಇಂದು ಜಗತ್ತಿನ ಉದ್ದಗಲಕ್ಕೂ ಕಲಿಸುವ ಆಸನಗಳ ದೊಡ್ಡ ಪಾಲು ಹೊರಟದ್ದು ನಮ್ಮ ಮೈಸೂರಿನಿಂದ. ಚಿತ್ರದುರ್ಗದ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಅವರ 'ಯೋಗ ಮಕರಂದ' 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. ಹಾಸನದ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರೂ ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರೂ ಅವರ ಶಿಷ್ಯರು. ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿಯವರಂತೂ ಊರೂರಿಗೆ ಹೋಗಿ ಹಳ್ಳಿಯವರಿಗೇ ಯೋಗ ಕಲಿಸಿದವರು.

ಇವರಲ್ಲಿ ಅಯ್ಯಂಗಾರರ ಕಥೆ ನಮಗೆ ಹೆಚ್ಚು ಉಪಯೋಗದ್ದು. 1918ರಲ್ಲಿ ಹುಟ್ಟಿದ ಅವರು ಬಾಲ್ಯದಲ್ಲಿ ಮಲೇರಿಯ, ಟೈಫಾಯ್ಡ್, ಕ್ಷಯ ಎಲ್ಲದಕ್ಕೂ ಸಿಕ್ಕಿ ಬಡಕಲಾಗಿದ್ದರು. ಬಾಗದ ಮೈಯ ಕಷ್ಟ ಏನೆಂದು ಗೊತ್ತಿದ್ದುದರಿಂದಲೋ ಏನೋ, ಬಾಗಲು ಆಗದವರಿಗೆ ಗೋಡೆ, ಕುರ್ಚಿ, ಮರದ ತುಂಡು, ಹಗ್ಗ, ಪಟ್ಟಿಗಳನ್ನು ಆಸರೆ ಕೊಟ್ಟು ಆಸನ ಮಾಡಿಸುವ ಕ್ರಮವನ್ನು ಅವರು ಬೆಳೆಸಿದರು. ನಮ್ಮಂಥವರಿಗೆ ದಾರಿ ಅದೇ. ಹೊಸತೇನನ್ನೂ ಕೊಳ್ಳಬೇಕಾಗಿಲ್ಲ. ಜಗಲಿಯ ಕಟ್ಟೆ, ಗೋಡೆ, ಹೆಗಲ ಮೇಲಿನ ಬೈರಾಸು, ಹಾಸಲು ಒಂದು ದಪ್ಪ ಕಂಬಳಿ ಇದ್ದರೆ ಸಾಕು.

ಇಪ್ಪತ್ತೈದು ನಿಮಿಷದ ಕ್ರಮ

ನಾನು ಮಾಡುವ ಕ್ರಮ ಹೀಗಿದೆ. ಪ್ರತಿಯೊಂದನ್ನೂ ನಾಲ್ಕೈದು ಉಸಿರಿನಷ್ಟು ಹೊತ್ತು ಹಿಡಿಯುವುದು, ನಿಧಾನವಾಗಿ ಬಿಡುವುದು. ಎಷ್ಟು ಬಾಗಿತು ಎಂಬುದಕ್ಕಿಂತ ಉಸಿರು ಸಲೀಸಾಗಿದೆಯೋ ಎಂಬುದು ಮುಖ್ಯ. ಉಸಿರು ಕಟ್ಟಿತು ಎಂದರೆ ಮಿತಿ ಮೀರಿದ್ದೇವೆ ಎಂದೇ ಅರ್ಥ.

1. ತಾಡಾಸನ. ಪಾದ ಜೋಡಿಸಿ ನೆಟ್ಟಗೆ ನಿಂತು ಉಸಿರು ತೆಗೆದುಕೊಳ್ಳುತ್ತಾ ಎರಡೂ ಕೈ ಮೇಲೆತ್ತುವುದು, ಹಿಮ್ಮಡಿಯನ್ನೂ ಎತ್ತುವುದು. ರಾತ್ರಿ ಸೆಟೆದುಕೊಂಡ ಮೈ ಇಲ್ಲೇ ಸ್ವಲ್ಪ ಬಿಡುತ್ತದೆ.

2. ಅರ್ಧಕಟಿಚಕ್ರಾಸನ. ಒಂದು ಕೈ ಮೇಲೆತ್ತಿ ಕಿವಿಗೆ ತಾಗಿಸಿ ಎದುರು ಬದಿಗೆ ವಾಲುವುದು. ಮುಂದೆಯೂ ಬಾಗಬಾರದು, ಹಿಂದೆಯೂ ಬಾಗಬಾರದು. ಯಂತ್ರ, ಹೊರೆ ಇತ್ಯಾದಿ ಒಂದೇ ಬದಿಯಲ್ಲಿ ಹೊರುವವರಿಗೆ ಇದು ಬಿಡಬಾರದ ಆಸನ. ಎರಡು ಬದಿಯ ವ್ಯತ್ಯಾಸ ಮೊದಲ ದಿನವೇ ಗೊತ್ತಾಗುತ್ತದೆ.

3. ಅರ್ಧಚಕ್ರಾಸನ. ಎರಡು ಅಂಗೈಯನ್ನು ಸೊಂಟಕ್ಕೆ ಹಿಂದಿನಿಂದ ಆಸರೆ ಕೊಟ್ಟು ನಿಧಾನವಾಗಿ ಹಿಂದಕ್ಕೆ ಬಾಗುವುದು. ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಬೇಡಿ, ಎದೆ ಮೇಲೇಳಲಿ. ತೋಟದಲ್ಲಿ ಹೆಕ್ಕುವಾಗಲೂ ಅರ್ಧ ಗಂಟೆಗೊಮ್ಮೆ ಬುಟ್ಟಿ ಕೆಳಗಿಟ್ಟು ಇದೊಂದನ್ನು ಮಾಡಬಹುದು. ಯಾರಾದರೂ ನೋಡಿದರೆ ಸೊಂಟ ಮುರಿಯುತ್ತಿದ್ದಾನೆ ಎಂದುಕೊಂಡಾರು, ಅಷ್ಟೇ.

4. ಕಟ್ಟೆ ಹಿಡಿದು ಎಳೆಯುವುದು. ಜಗಲಿ ಕಟ್ಟೆಗೆ ಎರಡೂ ಅಂಗೈ ಇಟ್ಟು ಹಿಂದೆ ಹಿಂದೆ ನಡೆದು ಬೆನ್ನು ನೆಲಕ್ಕೆ ಸಮಾನಾಂತರ ಬರುವ ಹಾಗೆ ನಿಲ್ಲುವುದು. ಅಧೋಮುಖ ಶ್ವಾನಾಸನವನ್ನು ನೆಲದಲ್ಲಿ ಮಾಡಲಾಗದವರಿಗೆ ಇದು ಸುಲಭ ರೂಪ. ಭುಜ, ಬೆನ್ನು, ತೊಡೆಯ ಹಿಂಬದಿ, ಮೀನಖಂಡ ಎಲ್ಲ ಒಟ್ಟಿಗೆ ಎಳೆಯಲ್ಪಡುತ್ತವೆ. ಬೆನ್ನು ಗೂನಾದರೆ ಮೊಣಗಂಟು ಸ್ವಲ್ಪ ಮಡಚಿ, ಬೆನ್ನು ನೇರ ಇರುವುದು ಮುಖ್ಯ.

5. ವೃಕ್ಷಾಸನ. ಒಂದೇ ಕಾಲಲ್ಲಿ ನಿಂತು ಇನ್ನೊಂದು ಪಾದವನ್ನು ತೊಡೆಯ ಒಳಬದಿಗೆ ಇಡುವುದು. ಮೇಲೆ ಬಾರದಿದ್ದರೆ ಮೀನಖಂಡಕ್ಕೆ ಇಟ್ಟರೂ ಆಯಿತು, ಮೊಣಗಂಟಿಗೆ ಮಾತ್ರ ಬೇಡ. ಒಂದು ಬೆರಳು ಗೋಡೆಗೆ ತಾಗಿರಲಿ. ಮಳೆಗಾಲದಲ್ಲಿ ಪಾಚಿ ಹಿಡಿದ ಅಡಿಕೆ ಮರದ ಸಂಕ ದಾಟುವ ನಮಗೆ ಸಮತೋಲ ಚೆಂದಕ್ಕಿರುವ ವಿದ್ಯೆ ಅಲ್ಲ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಸಮತೋಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯೂ ಹೇಳುತ್ತದೆ. ಆ ವಯಸ್ಸಿನಲ್ಲಿ ಬಿದ್ದು ತೊಡೆ ಎಲುಬು ಮುರಿದವರ ಮನೆಯ ಕಷ್ಟ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ?

6. ಮಾರ್ಜಾಲಾಸನ. ಬೆಕ್ಕಿನ ಹಾಗೆ ಅಂಗೈ, ಮೊಣಗಂಟು ಊರಿ ಉಸಿರು ಒಳಗೆ ತೆಗೆಯುವಾಗ ಬೆನ್ನು ತಗ್ಗಿಸಿ ಮುಖ ಎತ್ತುವುದು, ಉಸಿರು ಬಿಡುವಾಗ ಬೆನ್ನು ಉಬ್ಬಿಸಿ ತಲೆ ತಗ್ಗಿಸುವುದು. ಹತ್ತು ಸಲ. ಇದರಲ್ಲಿ ಹಿಡಿದು ನಿಲ್ಲುವುದಿಲ್ಲ. ಸೊಂಟ ನೋವಿರುವವರು ಶುರು ಮಾಡುವುದಾದರೆ ಇದರಿಂದಲೇ ಮಾಡಬಹುದು, ಅಷ್ಟು ಹಗುರದ್ದು. ಮೊಣಗಂಟಿನ ಅಡಿಗೆ ಗೋಣಿ ಮಡಚಿಡಿ.

7. ಅಶ್ವಸಂಚಾಲನಾಸನ. ಸೂರ್ಯನಮಸ್ಕಾರದಲ್ಲಿ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಚಾಚಿ ಹಿಂದಿನ ಮೊಣಗಂಟನ್ನು ನೆಲಕ್ಕೆ ಊರುವ ಭಂಗಿ. ಮಣೆಯಲ್ಲಿ ಕೂತು ಬಿಗಿದ ತೊಡೆಯ ಬುಡವನ್ನು ಬಿಡಿಸಲು ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಇದನ್ನು ಎರಡೆರಡು ಸಲ ಮಾಡುತ್ತೇನೆ.

8. ಭುಜಂಗಾಸನ. ಕವುಚಿ ಮಲಗಿ ಅಂಗೈಗಳನ್ನು ಎದೆಯ ಪಕ್ಕದಲ್ಲಿಟ್ಟು ಹೊಕ್ಕುಳವರೆಗಿನ ಮೈ ಮಾತ್ರ ಎತ್ತುವುದು. ಕೈಬಲದಿಂದ ಎತ್ತುವುದಲ್ಲ, ಬೆನ್ನಿನ ಬಲದಿಂದ. ಅಂಗೈಯನ್ನು ಒಂದು ಕ್ಷಣ ನೆಲದಿಂದ ಎತ್ತಿ ನೋಡಿ, ಮೈ ಎಷ್ಟು ಮೇಲೆ ಉಳಿಯುತ್ತದೋ ಅಷ್ಟು ನಿಮ್ಮ ಬೆನ್ನಿನ ಬಲ.

9. ಅರ್ಧ ಶಲಭಾಸನ. ಹಾಗೇ ಕವುಚಿ ಮಲಗಿ ಮೊಣಗಂಟು ಮಡಚದೆ ಒಂದೊಂದೇ ಕಾಲು ಎತ್ತುವುದು. ಹಿಂದಿನದು ಬೆನ್ನಿನ ಮೇಲ್ಭಾಗಕ್ಕೆ, ಇದು ಕೆಳಭಾಗಕ್ಕೆ. ಜಗ್ಗಿದ ಸ್ನಾಯುವನ್ನು ಎಳೆದು ಬಿಟ್ಟರೆ ಸಾಲದು, ಅದಕ್ಕೆ ಬಲವೂ ಬರಬೇಕು.

10. ಸೇತುಬಂಧಾಸನ. ಅಂಗಾತ ಮಲಗಿ ಮೊಣಗಂಟು ಮಡಚಿ ಪಾದ ಊರಿ ಸೊಂಟ ಎತ್ತುವುದು. ಗೋಣಿ ಎತ್ತುವಾಗ ಕೆಲಸ ಮಾಡಬೇಕಾದದ್ದು ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳು. ಅವು ಸೋತರೆ ಭಾರ ಸೊಂಟಕ್ಕೆ ಬೀಳುತ್ತದೆ. ಅವುಗಳಿಗೆ ಬಲ ಬರುವುದು ಇದರಿಂದ.

11. ಪವನಮುಕ್ತಾಸನ. ಅಂಗಾತ ಮಲಗಿ ಒಂದೊಂದೇ ಮೊಣಗಂಟನ್ನು ಎದೆಗೆ ಎಳೆದುಕೊಳ್ಳುವುದು. ಹಿಂದಕ್ಕೆ ಬಾಗಿದ ಬೆನ್ನಿಗೆ ಇದು ವಿಶ್ರಾಂತಿ. ಕೈಗೆ ಎಟುಕದಿದ್ದರೆ ತೊಡೆಗೆ ಬೈರಾಸು ಸುತ್ತಿ ಎಳೆಯಿರಿ.

ಇಷ್ಟಕ್ಕೆ ಹದಿನೆಂಟು, ಇಪ್ಪತ್ತು ನಿಮಿಷ. ಉಳಿದದ್ದು ಉಸಿರಿಗೆ ಮತ್ತು ಶವಾಸನಕ್ಕೆ.

ದೋಟಿ ಹಿಡಿಯುವವರಿಗೆ ಪ್ರತ್ಯೇಕ ಒಂದು ಮಾತು. ಕೆಲಸದ ನಡುವೆ ಪ್ರತಿ ಸಾಲು ಮುಗಿದಾಗ ದೋಟಿಯನ್ನು ಮರಕ್ಕೆ ಒರಗಿಸಿ ಗಲ್ಲವನ್ನು ನಿಧಾನವಾಗಿ ಎದೆಯ ಕಡೆ ತನ್ನಿ, ಮೂರು ಉಸಿರು ನಿಲ್ಲಿ. ತಲೆಯನ್ನು ಬಲಕ್ಕೆ ಎಡಕ್ಕೆ ವಾಲಿಸಿ. ಭುಜಗಳನ್ನು ಕಿವಿಯವರೆಗೆ ಎತ್ತಿ ಧಪ್ಪನೆ ಬಿಡಿ. ಕುತ್ತಿಗೆಯನ್ನು ಗಿರಗಿರನೆ ಸುತ್ತುವುದು ಬೇಡ. ಸಂಜೆ ಬೈರಾಸಿನ ಎರಡು ತುದಿ ಹಿಡಿದು, ಒಂದು ಕೈ ಮೇಲಿನಿಂದ ಒಂದು ಕೈ ಕೆಳಗಿನಿಂದ, ಬೆನ್ನು ತಿಕ್ಕುವ ಹಾಗೆ ಮೇಲೆ ಕೆಳಗೆ ಎಳೆಯಿರಿ. ಗೋಮುಖಾಸನದ ಕೈ ಭಂಗಿ ಇದೇ. ಭುಜ ಹಿಡಿಯುವುದಕ್ಕೆ ಒಳ್ಳೆಯದು.

ಉಸಿರಿನ ಕೆಲಸ

ನಮ್ಮಲ್ಲಿ ಮೈಯ ದಣಿವಿನಷ್ಟೇ ತಲೆಯ ದಣಿವೂ ಉಂಟು. ಕೊಳೆರೋಗ, ಎಲೆಚುಕ್ಕಿ ರೋಗ, ಮಾರುಕಟ್ಟೆಯ ಏರಿಳಿತ, ನಾಳೆ ಬರುತ್ತೇನೆಂದ ಆಳು ಬಾರದಿರುವುದು, ಅಂಗಳದಲ್ಲಿ ಅಡಿಕೆ ಹರಡಿರುವಾಗ ಮೋಡ ಕವಿಯುವುದು. ರಾತ್ರಿ ಹಾಸಿಗೆಯಲ್ಲಿ ಇದೆಲ್ಲ ಸಾಲಾಗಿ ಬರುತ್ತದೆ. ಉಸಿರನ್ನು ನಿಧಾನ ಮಾಡಿದರೆ ಎದೆಬಡಿತ ಇಳಿಯುತ್ತದೆ, ಬಿಗಿದ ಮೈ ಸಡಿಲಾಗುತ್ತದೆ. ಇದು ಯಾರು ಬೇಕಾದರೂ ಐದು ನಿಮಿಷದಲ್ಲಿ ಸ್ವತಃ ನೋಡಬಹುದಾದದ್ದು. ತೆಗೆದುಕೊಳ್ಳುವ ಉಸಿರಿಗಿಂತ ಬಿಡುವ ಉಸಿರು ಉದ್ದ ಇದ್ದರೆ ಆಯಿತು.

ನಾನು ಮಾಡುವುದು ಎರಡೇ. ಒಂದು, ಮೂಗಿನ ಎಡ ಹೊಳ್ಳೆಯಿಂದ ತೆಗೆದು ಬಲದಿಂದ ಬಿಟ್ಟು, ಬಲದಿಂದ ತೆಗೆದು ಎಡದಿಂದ ಬಿಡುವ ನಾಡಿಶುದ್ಧಿ, ಒಂಬತ್ತು ಸುತ್ತು. ಇನ್ನೊಂದು, ಬಾಯಿ ಮುಚ್ಚಿ ದುಂಬಿಯ ಹಾಗೆ ಗುಂಯ್ ಎನ್ನುತ್ತಾ ಉಸಿರು ಬಿಡುವ ಭ್ರಾಮರಿ, ಐದು ಸಲ. ಉಸಿರನ್ನು ಬಿಗಿಹಿಡಿದು ಕೂರುವ ಕ್ರಮಗಳನ್ನು ಗುರುವಿಲ್ಲದೆ ಮಾಡಬಾರದು. ಅಡಿಕೆ ಸುಲಿದ ಧೂಳು ಹಾರುವಲ್ಲಿ, ಮದ್ದು ಬಿಟ್ಟ ದಿನ ತೋಟದ ಬದಿಯಲ್ಲಿ ಕೂತು ಪ್ರಾಣಾಯಾಮ ಮಾಡುವುದು ಬೇಡ.

ಕೊನೆಗೆ ಶವಾಸನ. ಇದನ್ನು ಬಿಟ್ಟು ಏಳುವವರೇ ಹೆಚ್ಚು. ಮೂರು ನಿಮಿಷ ಸುಮ್ಮನೆ ಮಲಗುವುದು ಕೃಷಿಕನಿಗೆ ಎಷ್ಟು ಕಷ್ಟ ಎಂಬುದು ಮಲಗಿದಾಗ ಗೊತ್ತಾಗುತ್ತದೆ.

ಹೊತ್ತು ಎಲ್ಲಿಂದ ತರುವುದು?

"ಪುರುಸೊತ್ತು ಇಲ್ಲ" ಎಂಬುದು ಎರಡನೆಯ ಮಾತು. ನಿಜವೂ ಹೌದು. ಬೆಳಗ್ಗೆ ಹಾಲು ಕರೆಯುವ ಮೊದಲು ನನಗೆ ಹೊಂದುತ್ತದೆ. ಹೊಟ್ಟೆ ಖಾಲಿ, ಮನೆ ಮೌನ. ನೀರು ಕುಡಿದು ಶೌಚ ಮುಗಿಸಿ ಶುರು ಮಾಡಿದರೆ ಚಾ ಕಾಯುವ ಹೊತ್ತಿಗೆ ಮುಗಿಯುತ್ತದೆ. ಏಳುತ್ತಲೇ ಮೈ ಬಹಳ ಸೆಟೆದಿರುವವರು ಅಂಗಳದಲ್ಲಿ ಐದು ನಿಮಿಷ ನಡೆದು ಬಂದು ಶುರು ಮಾಡಿ. ಬೆಳಗ್ಗೆ ಆಗದವರು ಸಂಜೆ ಸ್ನಾನಕ್ಕೆ ಮೊದಲು ಮಾಡಬಹುದು. ಊಟವಾಗಿ ಮೂರು ಗಂಟೆ ಕಳೆದಿರಬೇಕು.

ಕಾಲಕ್ಕೆ ತಕ್ಕ ಹಾಗೆ ಕ್ರಮ ಬದಲಿಸಿಕೊಳ್ಳುತ್ತೇನೆ. ಕೊಯ್ಲು, ಸುಲಿತದ ಕಾಲದಲ್ಲಿ ದಿನಕ್ಕೆ ಹತ್ತೇ ನಿಮಿಷ, ಅದೂ ಎಳೆದು ಬಿಡುವ ಆಸನಗಳು ಮಾತ್ರ. ದುಡಿದು ಬಂದ ಮೈಗೆ ಬಲದ ಅಭ್ಯಾಸ ಬೇರೆ ಬೇಡ. ಆಟಿಯ ಮಳೆಯಲ್ಲಿ ಹೊರಗೆ ಕೆಲಸ ಇಲ್ಲದ ದಿನಗಳಲ್ಲಿ ಪೂರ್ತಿ ಕ್ರಮ, ಜೊತೆಗೆ ಸೂರ್ಯನಮಸ್ಕಾರ. ಹತ್ತು ನಿಮಿಷ ದಿನವೂ ಮಾಡುವುದು, ಭಾನುವಾರ ಒಂದು ಗಂಟೆ ಮಾಡುವುದಕ್ಕಿಂತ ಮೇಲು. ನೀರು ಬಿಡುವುದಕ್ಕೂ ಇದೇ ಲೆಕ್ಕ ಅಲ್ಲವಾ?

ಮನೆಯ ಹೆಂಗಸರ ವಿಷಯ ಬಿಡುವ ಹಾಗಿಲ್ಲ. ಅವರಿಗೆ ತೋಟ, ಕೊಟ್ಟಿಗೆ, ಅಡುಗೆ ಮೂರೂ ಉಂಟು. ನನ್ನಾಕೆ ಹೇಳುವುದು ಹೀಗೆ: "ನಿಮಗೆ ಬೆಳಗ್ಗೆ ಜಗಲಿಯಲ್ಲಿ ಕಂಬಳಿ ಹಾಸಲು ಆಗುತ್ತದೆ, ಆ ಹೊತ್ತಿಗೆ ಒಲೆ ಯಾರು ನೋಡುವುದು?" ಮಾತು ಸರಿ ಇತ್ತು. ಈಗ ಬೆಳಗಿನ ಮೊದಲ ಇಪ್ಪತ್ತೈದು ನಿಮಿಷ ಅವಳದ್ದು, ಆಗ ಒಲೆ ಮತ್ತು ಕರುವಿನ ಪಾಲು ನನ್ನದು. ಆಮೇಲೆ ನನ್ನ ಸರದಿ. ಮನೆಯಲ್ಲಿ ಯೋಗ ನಿಲ್ಲಬೇಕಾದರೆ ಮೊದಲು ಕೆಲಸ ಹಂಚಿಕೊಳ್ಳಬೇಕು.

ಯಾರು ಜಾಗ್ರತೆ ಮಾಡಬೇಕು?

ರಕ್ತದೊತ್ತಡ ಹತೋಟಿಗೆ ಬಾರದವರು, ಕಣ್ಣಿನ ಒತ್ತಡದ ಕಾಯಿಲೆ ಇರುವವರು ತಲೆ ಕೆಳಗಾಗುವ ಆಸನ ಮಾಡಬಾರದು, ಉಸಿರು ಹಿಡಿಯಬಾರದು. ಹರ್ನಿಯ ಇರುವವರಿಗೆ, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರಿಗೆ ಭುಜಂಗ, ಶಲಭ ಬೇಡ. ಬಸುರಿಯರು ಕವುಚಿ ಮಲಗುವ ಆಸನ ಮಾಡಬಾರದು, ತಿಳಿದವರ ಎದುರಿಗೇ ಕಲಿಯಬೇಕು. ತಲೆ ತಿರುಗುವವರು ಕುತ್ತಿಗೆ ಹಿಂದಕ್ಕೆ ಬಾಗಿಸಬಾರದು. ಎಲುಬು ಸವೆದಿದೆ ಎಂದು ವೈದ್ಯರು ಹೇಳಿದ ವಯಸ್ಸಾದವರು ಮುಂದಕ್ಕೆ ಬಲವಾಗಿ ಬಗ್ಗುವುದು, ತಿರುಚುವುದು ಬೇಡ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ವಿಷಯ ತಮ್ಮ ವೈದ್ಯರಲ್ಲಿ ಕೇಳಿಯೇ ಮುಂದುವರಿಯಿರಿ.

ಸೊಂಟದ ನೋವು ಕಾಲಿಗಿಳಿದು ಮರಗಟ್ಟಿದರೆ, ಕಾಲಿನ ಬಲ ಕಡಿಮೆಯಾದರೆ, ನೋವಿನ ಜೊತೆ ಜ್ವರ ಬಂದರೆ, ಮಲಮೂತ್ರದ ಹಿಡಿತ ತಪ್ಪಿದರೆ ಆಸನ ಹುಡುಕುತ್ತಾ ಕೂರಬೇಡಿ. ಅದು ಆಸ್ಪತ್ರೆಗೆ ಓಡುವ ಹೊತ್ತು.

ಎಳೆತ ಮತ್ತು ನೋವು ಎರಡೂ ಒಂದೇ ಅಲ್ಲ. ಸ್ನಾಯು ಎಳೆದ ಹಾಗಾಗಿ ಉಸಿರು ಬಿಟ್ಟಾಗ ಸಡಿಲವಾದರೆ ಅದು ಎಳೆತ. ಚುಚ್ಚಿದ ಹಾಗಾದರೆ, ಗಂಟಿನ ಒಳಗೆ ಹಿಡಿದರೆ, ಮರುದಿನ ಕೆಲಸಕ್ಕೆ ಹೋಗಲು ಆಗದಿದ್ದರೆ ಅದು ನೋವು. ಪುಸ್ತಕ, ಮೊಬೈಲು ನೋಡಿ ಕಲಿಯುವುದಕ್ಕಿಂತ ಒಂದು ವಾರವಾದರೂ ಕಲಿಸುವವರ ಎದುರು ಮಾಡಿ. ನಮ್ಮ ಬೆನ್ನು ಎಷ್ಟು ವಕ್ರವಾಗಿದೆ ಎಂಬುದು ನಮ್ಮ ಕಣ್ಣಿಗೆ ಕಾಣುವುದಿಲ್ಲ.

ಯೋಗದಿಂದ ಏನು ಆಗುವುದಿಲ್ಲ?

"ಯೋಗ ಮಾಡಿದರೆ ಎಲ್ಲ ರೋಗ ಹೋಗುತ್ತದೆ" ಎನ್ನುವವರ ಮಾತನ್ನು ನಾನು ನಂಬುವುದಿಲ್ಲ. ನನ್ನ ರಕ್ತದೊತ್ತಡದ ಮಾತ್ರೆ ಮುಂದುವರಿದಿದೆ. ಮಾತ್ರೆ ಬಿಡುವ, ಕಡಿಮೆ ಮಾಡುವ ತೀರ್ಮಾನ ವೈದ್ಯರದ್ದು, ಯೋಗದ ಮಾಸ್ತರರದ್ದಲ್ಲ.

ಬೆನ್ನುನೋವಿನ ಬಗ್ಗೆ ಪ್ರಯೋಗಗಳೂ ನಡೆದಿವೆ. ಚಿಕಿತ್ಸೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಅಳೆಯುವ ಕಾಕ್ರೇನ್ ಎಂಬ ಸಂಸ್ಥೆ 2017ರಲ್ಲಿ ಇಂಥ 12 ಪ್ರಯೋಗಗಳನ್ನು, 2022ರಲ್ಲಿ 21 ಪ್ರಯೋಗಗಳನ್ನು ಸೋಸಿ ನೋಡಿತು. ತುಂಬ ದಿನದ ಸೊಂಟನೋವಿಗೆ ಏನೂ ವ್ಯಾಯಾಮ ಮಾಡದವರಿಗಿಂತ ಯೋಗ ಮಾಡಿದವರಿಗೆ ಸ್ವಲ್ಪ ಗುಣ ಕಂಡಿದೆ. ಆದರೆ ಬೆನ್ನಿಗೆಂದೇ ಇರುವ ಬೇರೆ ವ್ಯಾಯಾಮ ಮಾಡಿದವರಿಗೂ ಯೋಗದವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಯೋಗದಿಂದ ಕೆಲವರಿಗೆ ಬೆನ್ನುನೋವು ಹೆಚ್ಚಾದದ್ದೂ ಉಂಟು. ಅಂದರೆ ಪವಾಡವೂ ಇಲ್ಲ, ಸುಳ್ಳೂ ಅಲ್ಲ. ಖರ್ಚಿಲ್ಲದೆ, ಯಂತ್ರವಿಲ್ಲದೆ, ಮನೆಯ ಜಗಲಿಯಲ್ಲಿ ಸಿಗುವ ಆ 'ಸ್ವಲ್ಪ' ನನಗೆ ಸಾಕು. ಮೂರು ತಿಂಗಳು ಕಳೆದ ಮೇಲೆ ನನಗೆ ಕಂಡ ಬದಲಾವಣೆ ಎಂದರೆ, ರಾತ್ರಿ ಮಗ್ಗುಲು ಬದಲಿಸುವಾಗ ಎಚ್ಚರ ಆಗುವುದು ನಿಂತಿತು. ನೆಲದಲ್ಲಿ ಕೂತು ಕೈ ಊರದೆ ಏಳುವುದು ಮತ್ತೆ ಸಾಧ್ಯವಾಯಿತು. ಇಡೀ ದಿನ ಹೆಕ್ಕಿದರೆ ಈಗಲೂ ಸೊಂಟ ನೋಯುತ್ತದೆ, ಆದರೆ ಮರುದಿನ ಬೆಳಗ್ಗೆ ಉಳಿಯುವುದಿಲ್ಲ.

ಇನ್ನೊಂದು ಮಾತು. ಕೆಲಸದ ಕ್ರಮ ಸರಿಪಡಿಸದೆ ಯೋಗ ಒಂದರಿಂದ ಪ್ರಯೋಜನ ಕಡಿಮೆ. ಒಬ್ಬನೇ ಹೊರುವ ಗೋಣಿಯನ್ನು ಎರಡು ಮಾಡಿ. ಕೈಗಾಡಿ ಹೋಗುವಲ್ಲಿ ತಲೆಹೊರೆ ಯಾಕೆ? ಗುದ್ದಲಿಯ ಹಿಡಿಕೆ ನಿಮ್ಮ ಎತ್ತರಕ್ಕೆ ಸಾಲದಿದ್ದರೆ ಬದಲಿಸಿ. ಭಾರ ಎತ್ತುವಾಗ ಮೊಣಗಂಟು ಮಡಚಿ, ಮೈಗೆ ಹತ್ತಿರ ಹಿಡಿದು ಎತ್ತಿ. ಒಂದೇ ಕೆಲಸವನ್ನು ದಿನವಿಡೀ ಮಾಡುವ ಬದಲು ಬೆಳಗ್ಗೆ ಹೆಕ್ಕಿ, ಹಗಲು ಸೋಗೆ ಎಳೆದು, ಸಂಜೆ ಕೂತು ಸುಲಿದರೆ ಮೈಗೆ ಅದೇ ಅರ್ಧ ವ್ಯಾಯಾಮ.

ಯಾಕೆ ಇಷ್ಟು ಹೇಳಿದೆ?

ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದಾರು ವರ್ಷ ಬೇಕು. ಆಮೇಲೆ ದಶಕಗಟ್ಟಲೆ ಅದು ಕೊಡುತ್ತದೆ. ನಾವು ನೆಡುವಾಗ ಮಣ್ಣು, ನೀರು, ಅಂತರ, ತಳಿ ಎಲ್ಲದರ ಲೆಕ್ಕ ಹಾಕುತ್ತೇವೆ, ನೋಡಿಕೊಳ್ಳುವ ಮೈಯ ಲೆಕ್ಕ ಹಾಕುವುದಿಲ್ಲ. ಮಕ್ಕಳು ಬೆಂಗಳೂರಲ್ಲಿ, ಆಳು ಸಿಗುವುದಿಲ್ಲ, ಸಿಕ್ಕರೂ ವಾರಕ್ಕೆರಡು ದಿನ. ಹಲವು ತೋಟಗಳಲ್ಲಿ ಉಳಿದಿರುವ ಕಾಯಂ ಆಳು ಎಂದರೆ ಯಜಮಾನ ಮತ್ತು ಯಜಮಾನತಿ ಇಬ್ಬರೇ. ಅವರಲ್ಲಿ ಒಬ್ಬರ ಸೊಂಟ ಕೂತರೆ ತೋಟವೂ ಕೂರುತ್ತದೆ. ಪಂಪಿಗೆ ಗ್ರೀಸು ಹಾಕುತ್ತೇವೆ, ಕಳೆಕೊಚ್ಚು ಯಂತ್ರದ ಬ್ಲೇಡು ಹರಿತ ಮಾಡುತ್ತೇವೆ. ಇವೆಲ್ಲವನ್ನು ನಡೆಸುವ ಯಂತ್ರಕ್ಕೆ ದಿನಕ್ಕೆ ಇಪ್ಪತ್ತೈದು ನಿಮಿಷದ ಸರ್ವಿಸು ಹೆಚ್ಚಾಯಿತಾ?

ಎಲ್ಲ ಒಟ್ಟಿಗೆ ಶುರು ಮಾಡುವುದು ಬೇಡ. ಮೊದಲ ವಾರ ಮಾರ್ಜಾಲಾಸನ, ಅರ್ಧಚಕ್ರಾಸನ, ಶವಾಸನ ಮೂರೇ ಮಾಡಿ ನೋಡಿ. ಬೇರೆ ಬೆಳೆ, ಬೇರೆ ಕೆಲಸದಲ್ಲಿರುವವರು ತಮಗೆ ಹೊಂದಿದ ಕ್ರಮ ಯಾವುದೆಂದು ಬರೆದರೆ ಉಳಿದವರಿಗೂ ಉಪಯೋಗ. ರಬ್ಬರ್ ಟ್ಯಾಪಿಂಗ್ ಮಾಡುವವರ, ಗದ್ದೆ ನಾಟಿ ಮಾಡುವ ಹೆಂಗಸರ ಅನುಭವ ಓದಲು ನನಗಂತೂ ಬಹಳ ಆಸೆ ಉಂಟು.